ಹೊನ್ನಮ್ಮನವರ ಜಗಲಿಯಲ್ಲಿ ಚಾ ಬೇಡವೆನ್ನುವ ಕ್ರಮ

ಹಳೇ ಮನೆ ಮತ್ತು ಹಳೇ ಸಂಕಗಳ ವೀಕ್ಷಣಾ ಶಾಖೆ
ಭಟ್ಕಳ–ಹೊನ್ನಾವರ–ಕುಮಟಾ ವಲಯ

ಸಂಖ್ಯೆ: ಹಮ/ಸಂಕ/ಚಾ/17

ವಿಷಯ: ಹೊನ್ನಾವರದ ಹೊಳೆದಂಡೆಯ ಹಳೇ ಮನೆ ನೋಡಲು ಬರುವವರು ಮನೆಯೊಡತಿಯನ್ನು ಮೀನು ಮಾರಲು ಬಿಡುವ ಬಗ್ಗೆ.

ಉಲ್ಲೇಖ: 1. ಸದರಿ ಮನೆಯೆದುರು ಶಾಖೆಯು ನೆಟ್ಟ ‘ಸ್ಥಳೀಯ ಪದ್ಧತಿಯನ್ನು ಗೌರವಿಸಿ’ ಫಲಕ.
2. ಸದರಿ ಫಲಕದ ವಿರುದ್ಧ ಮನೆಯೊಡತಿ ಹೊನ್ನಮ್ಮನವರ ಮೌಖಿಕ ದೂರು.

ಜಗಲಿ ಹತ್ತಿದವರಿಗೆ ಚಾ, ಅವಲಕ್ಕಿ ಕೊಡದೆ ಕಳಿಸುವ ಪದ್ಧತಿ ಈ ಭಾಗದಲ್ಲಿ ಇರುವುದಿಲ್ಲ. ಫಲಕ ಓದಿದ ಪ್ರವಾಸಿಗರು ಈ ಉಪಚಾರದ ಪದ್ಧತಿಯನ್ನು ಎರಡೆರಡು ಸಲ ಬಡಿಸಿಕೊಂಡು ಗೌರವಿಸುತ್ತಿರುವುದು ಕಂಡುಬಂದಿದೆ. ಕಳೆದ ಶನಿವಾರ ನಲವತ್ತೊಂದು ಜನರ ಗೌರವ ಮುಗಿಯುವಷ್ಟರಲ್ಲಿ ಮೀನುಪೇಟೆಯೂ ಮುಗಿದಿದ್ದು, ಒಂದು ಬುಟ್ಟಿ ಬಂಗುಡೆ ಮನೆಯಲ್ಲೇ ಉಳಿದಿರುತ್ತದೆ. ದೂರುದಾರರ ಹೇಳಿಕೆ ಯಥಾವತ್ತಾಗಿ: “ಮನೀಗೆ ಬಂದವ್ರನ್ನ ಬರೀ ಹೊಟ್ಟೇಲಿ ಕಳ್ಸೂಕೆ ಆತದ್ಯಾ ತಮಾ? ಹಂಗಂತ ಬಂಗುಡೆ ಎಂತ ನನ್ನ ಕಾಯ್ತಾ ಕೂತಿರ್ತದ್ಯಾ?”

ಈ ಎರಡೂ ಪ್ರಶ್ನೆಗಳನ್ನು ಶಾಖೆಯು ಕಡತದಲ್ಲಿ ದಾಖಲಿಸಿಕೊಂಡಿರುತ್ತದೆ. ಆದ್ದರಿಂದ ಸರ್ವರಿಗೂ ಸೂಚಿಸುವುದೇನೆಂದರೆ:

1. ಬೆಳಿಗ್ಗೆ ಹನ್ನೊಂದರವರೆಗೆ ಮನೆಯನ್ನು ಅಂಗಳದಿಂದಲೇ ನೋಡತಕ್ಕದ್ದು. ಜಗಲಿಯ ಕಂಬ ಮುಟ್ಟಬೇಕೆನಿಸಿದವರು ಸದರಿ ಅನಿಸಿಕೆಯನ್ನು ಲಿಖಿತವಾಗಿ ಸಲ್ಲಿಸುವುದು.

2. ಚಾ ಬೇಕೇ ಎಂದು ಕೇಳಿದಲ್ಲಿ “ಈಗಷ್ಟೇ ಆತು” ಎನ್ನತಕ್ಕದ್ದು. ಎರಡನೇ ಸಲವೂ ಅದನ್ನೇ ಹೇಳುವುದು. ಮೂರನೇ ಸಲ ಬೇಡವೆಂದರೆ ಈ ಭಾಗದಲ್ಲಿ ಬೇಕೆಂದೇ ತಿಳಿಯಲಾಗುವುದರಿಂದ, ಅಷ್ಟರೊಳಗೆ ಅಂಗಳ ತೆರವುಗೊಳಿಸತಕ್ಕದ್ದು.

3. ಸಕ್ಕರೆ ಕಾಯಿಲೆಯಿದೆ ಎಂದು ಸುಳ್ಳು ಹೇಳುವಂತಿಲ್ಲ. ಹಾಗೆ ಹೇಳಿದವರಿಗೆ ಕಷಾಯ ಕಾಯಿಸಲು ಹೊನ್ನಮ್ಮನವರಿಗೆ ಮತ್ತೆ ಅರ್ಧ ತಾಸು ಹಿಡಿದಿರುತ್ತದೆ.

4. ಮನೆಗೆ ಹೋಗುವ ಹಳೇ ಮರದ ಸಂಕದ (ಕಾಲುಸೇತುವೆಯ) ಮೇಲೆ ಒಮ್ಮೆಗೆ ನಾಲ್ವರು ಮಾತ್ರ. ಇದು ಬರಿಹೊಟ್ಟೆಯವರ ಲೆಕ್ಕ. ಅವಲಕ್ಕಿ ತಿಂದು ಮರಳುವವರು ಇಬ್ಬಿಬ್ಬರೇ ದಾಟತಕ್ಕದ್ದು.

5. ದೂರಿನ ತನಿಖೆಗೆ ತೆರಳಿದ ಮೇಲ್ವಿಚಾರಕ ಕೃಷ್ಣಾನಂದ ಅವರು ಸದರಿ ಜಗಲಿಯಲ್ಲಿ ಮೂರು ತಾಸು ಕುಳಿತದ್ದನ್ನು ತನಿಖೆಯೆಂದೇ ಪರಿಗಣಿಸಲಾಗಿದೆ.

ಸಹಿ/-
(ಗುರುದತ್ತ)
ಶಾಖಾಧಿಕಾರಿ

ಪ್ರತಿಗಳು:
1. ಭಟ್ಕಳ, ಕುಮಟಾ ಉಪಶಾಖೆಗಳಿಗೆ. ಆ ಕಡೆಯ ಜಗಲಿಗಳಿಗೂ ಅನ್ವಯ.
2. ಹೊನ್ನಮ್ಮನವರಿಗೆ. ಜವಾನ ದಾಸ ಅವರು ಬೇಲಿಯಾಚೆ ನಿಂತು ಗಟ್ಟಿಯಾಗಿ ಓದಿ ಹೇಳತಕ್ಕದ್ದು.
3. ಕಚೇರಿ ಪ್ರತಿ. ದಾಸ ಅವರು ವಾಪಸಾದ ಮೇಲೆ ಕಡತಕ್ಕೆ ಸೇರಿಸುವುದು. ನಂತರದ ಷರಾ: ಓದಿ ಗಂಟಲು ಒಣಗಿತೆಂದು ಅವರನ್ನು ಒಳಗೆ ಕರೆದು ಊಟಕ್ಕೆ ಕೂರಿಸಲಾಗಿದ್ದು, ಇಂದಿನ ಬಂಗುಡೆಯೂ ಪೇಟೆಗೆ ಹೋಗದೆ ಸಾರಾಗಿರುವುದಾಗಿ ತಿಳಿದುಬಂದಿದೆ.