ಇಬ್ಬರು ಅಮ್ಮಂದಿರ ಒಂದೇ ಡಬ್ಬ

ನಮ್ಮಮ್ಮನ ಪ್ರೀತಿ ಇಪ್ಪತ್ತು ಕಿಲೋ. ಅತ್ತೆಯ ಪ್ರೀತಿಯೂ ಇಪ್ಪತ್ತು ಕಿಲೋ. ನಮ್ಮ ಕಿಮ್ಚಿ ಫ್ರಿಜ್ಜಿನಲ್ಲಿ ಹಿಡಿಸುವುದು ಮೂವತ್ತು. ಚಳಿಗಾಲ ಬಂತೆಂದರೆ ತೆಂಕಣ ಹೇನಮ್‌ನಿಂದ ಅಮ್ಮ, ಮೂಡಣ ಕರಾವಳಿಯ ಗಾಂಗ್ನಂಗ್‌ನಿಂದ ಅತ್ತೆ, ಖಾರದ ಹುಳಿ ಉಪ್ಪಿನಕಾಯಿಯಂಥ ಕೋಸಿನ ಕಿಮ್ಚಿ ಹಾಕಿ ಡಬ್ಬ ಡಬ್ಬ ಕಳಿಸುತ್ತಾರೆ. ದೇಜಾನ್‌ನ ಪುಟ್ಟ ಫ್ಲಾಟಿನಲ್ಲಿ ನಾವು ಫ್ರಿಜ್ಜಿನ ಬಾಗಿಲನ್ನು ಮಂಡಿಯಿಂದ ಒತ್ತಿ ಮುಚ್ಚುತ್ತೇವೆ.

"ರೀ, ಭಾನುವಾರ ಮಗೂಗೆ ವರ್ಷ ತುಂಬುತ್ತೆ. ಇಬ್ರು ಅಮ್ಮಂದಿರೂ ಬರ್ತಾರೆ. ಅಕ್ಕಿ ಕಡುಬು ಇಡೋಕೂ ಜಾಗ ಇಲ್ಲ. ಏನಾದ್ರೂ ಮಾಡಿ," ಎಂದು ಹೇಳಿ ನನ್ನ ಹೆಂಡತಿ ಮಿರ್ಯಂಗ್ ಕೆಲಸಕ್ಕೆ ಹೊರಟಳು. (ಅವಳ ಮಾತಿನ ಕೊನೆಯ ಎರಡು ಪದಗಳನ್ನು ಓದುಗರು ನೆನಪಿಡಬೇಕು. ಮುಂದೆ ಅವಳು ಮರೆತಳು.)

ಮನೆಯಿಂದಲೇ ಕೆಲಸ ಮಾಡುವ ನನಗೆ ಏನಾದರೂ ಮಾಡುವುದೇ ವೃತ್ತಿ. ನಮ್ಮ ಆಫೀಸಿನಲ್ಲಿ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ನೂರು ಹುಸಿ ಕಂಪ್ಯೂಟರುಗಳು ಸಂಸಾರ ಹೂಡಿವೆ. ಪ್ರತಿಯೊಂದೂ ತಾನೇ ನಿಜವೆಂದು ನಂಬಿ, ಒಂದೇ ಬಗೆಯ ಸಾಮಾನನ್ನು ಬೇರೆ ಬೇರೆಯಾಗಿ ಮೆಮೊರಿಯಲ್ಲಿ ತುಂಬಿಕೊಳ್ಳುತ್ತಿತ್ತು. ಬೆಳಿಗ್ಗೆ ಏಳಲು ಆಕಳಿಸುತ್ತಿತ್ತು. ನಾನು ಒಂದೇ ತರಹದ್ದನ್ನೆಲ್ಲ ಹುಡುಕಿ, ಒಂದೇ ಪ್ರತಿ ಇಟ್ಟು, ಎಲ್ಲಕ್ಕೂ ಅದನ್ನೇ 'ನಿನ್ನದು' ಎಂದು ತೋರಿಸಿದೆ. ರಾತ್ರಿ ಹೊತ್ತು ಅವನ್ನು ಪೂರ್ತಿ ಆರಿಸುವ ಬದಲು ಇದ್ದ ಸ್ಥಿತಿಯಲ್ಲೇ ಮಲಗಿಸಿದೆ. ಮರುದಿನ ಬಿಟ್ಟ ಕಡೆಯಿಂದಲೇ ಥಟ್ಟನೆ ಎದ್ದವು. ಅರ್ಧ ಮೆಮೊರಿ ಉಳಿಯಿತು. ಯಾವುದಕ್ಕೂ ಗೊತ್ತಾಗಲಿಲ್ಲ.

ಫ್ರಿಜ್ ತೆರೆದು ಪರಿಶೀಲಿಸಿದೆ. ಅಮ್ಮನ ಡಬ್ಬಗಳಲ್ಲಿ ಕೋಸು, ಮೆಣಸಿನಪುಡಿ, ಬೆಳ್ಳುಳ್ಳಿ. ಅತ್ತೆಯ ಡಬ್ಬಗಳಲ್ಲೂ ಕೋಸು, ಮೆಣಸಿನಪುಡಿ, ಬೆಳ್ಳುಳ್ಳಿ. ಎಲ್ಲವೂ ಅರ್ಧರ್ಧ ಖಾಲಿ. ಏಕೀಕರಣ ಮಹಾಯೋಜನೆ ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಸಂಜೆ ಮಿರ್ಯಂಗ್ ಮಗುವನ್ನು ಎತ್ತಿಕೊಂಡೇ ಫ್ರಿಜ್ ತೆರೆದಳು.

"ರೀ, ನಮ್ಮಮ್ಮನ ಕಿಮ್ಚಿ ಎಲ್ಲಿ?"

"ಇದೇ."

"ಅತ್ತೆದು?"

"ಅದೂ ಇದೇ."

ಅವಳು ಮಗುವನ್ನು ಕೆಳಗಿಳಿಸಿದಳು. (ಎರಡೂ ಕೈ ಬೇಕಾಗುವಂಥ ಮಾತಿದೆ ಎಂದು ಅರ್ಥ.)

"ಬೆರೆಸಿಬಿಟ್ರಾ?"

"ಎರಡರಲ್ಲೂ ಇರೋದು ಒಂದೇ ಕಣೇ. ಎರಡು ತಟ್ಟೇಲಿ ಹಾಕಿ ಅವರವರ ಮುಂದಿಡು. ನೂರು ಕಂಪ್ಯೂಟರಿಗೇ ಗೊತ್ತಾಗ್ಲಿಲ್ಲ."

"ನಿಮ್ಮ ಕಂಪ್ಯೂಟರಿಗೆ ನಾಲಿಗೆ ಇದ್ಯೇನ್ರೀ? ನಮ್ಮಮ್ಮ ಇನ್ನು ನನ್ನ ಮುಖ ನೋಡಲ್ಲ. ಅತ್ತೆ ಅಂತೂ ನಾನೇ ಬೇಕಂತ ಮಾಡ್ದೆ ಅಂತಾರೆ!"

ಭಾನುವಾರ ಎರಡು ತಟ್ಟೆಗಳು ಬಂದವು. ಅಮ್ಮ ತನ್ನ ತಟ್ಟೆಯಿಂದ ಒಂದು ಚೂರು ಬಾಯಿಗಿಟ್ಟು, ನಯವಾಗಿ, "ಬೀಗಿತ್ತಿಯವ್ರೇ, ನಿಮ್ಮ ಕೈರುಚಿ ಚೆನ್ನಾಗಿದೆ," ಎಂದಳು.

ಅತ್ತೆ ತಮ್ಮ ತಟ್ಟೆಯದನ್ನು ತಿಂದು, "ಅಯ್ಯೋ, ನಾನೂ ಇದು ನಿಮ್ಮದು ಅಂತ ಹೊಗಳೋಕಿದ್ದೆ!" ಎಂದರು.

ಇಬ್ಬರೂ ಮೆಚ್ಚಿದರಲ್ಲ ಎಂದು ನಾನು ಹಿಗ್ಗಿದೆ. ಅಷ್ಟರಲ್ಲಿ ಅಮ್ಮನ ಊಟದ ಕಡ್ಡಿಗಳ ನಡುವೆ ಗಾಂಗ್ನಂಗ್ ಕಡೆಯವರು ಹಾಕುವ ಸ್ಕ್ವಿಡ್ ಎಂಬ ಕಡಲಜೀವಿಯ ಒಂದು ತುಂಡು ಮೇಲೆದ್ದಿತು.

"ನಾನು ಯಾವ ಕಾಲದಲ್ಲಿ ಇದನ್ನ ಹಾಕಿದ್ನೋ?"

ಅತ್ತೆ ತಟ್ಟೆಯನ್ನು ಮೂಸಿದರು. "ಉಪ್ಪುಮೀನಿನ ರಸ ನಮ್ಮ ಕಡೆ ಇಷ್ಟೊಂದು ಸುರಿಯಲ್ಲಪ್ಪ."

ನಾಲ್ಕು ಕಣ್ಣುಗಳು ಮಿರ್ಯಂಗ್ ಕಡೆ ತಿರುಗಿದವು. ಅವಳು ಮಗುವಿನ ತೋರುಬೆರಳು ಹಿಡಿದು ನನ್ನತ್ತ ಚಾಚಿದಳು.

ನಾನು ಹುಸಿ ಕಂಪ್ಯೂಟರುಗಳ ವಿಷಯವನ್ನು ಮೊದಲಿಂದ ವಿವರಿಸಿದೆ. ಇಬ್ಬರೂ ಕೊನೆಯವರೆಗೂ ಕೇಳಿದರು.

"ಅಳಿಯಂದ್ರಿಗೆ ನಾಲಿಗೇನೇ ಇಲ್ಲ, ಪಾಪ," ಎಂದರು ಅತ್ತೆ.

"ಚಿಕ್ಕವನಾಗಿದ್ದಾಗ್ಲೂ ಇರ್ಲಿಲ್ಲ. ಓದಿಸಿದ್ರೆ ಬರುತ್ತೆ ಅಂದ್ಕೊಂಡಿದ್ದೆ," ಎಂದಳು ಅಮ್ಮ.

ನಮ್ಮ ಮದುವೆಯಾದ ಮೇಲೆ ಬೀಗಿತ್ತಿಯರಿಬ್ಬರೂ ಒಮ್ಮತದಿಂದ ಒಪ್ಪಿದ ಮೊದಲ ವಿಷಯ ಇದು.

ಮುಂದಿನ ವಾರ, ನನಗೆ ರುಚಿಯ ವ್ಯತ್ಯಾಸ ಕಲಿಸಲೆಂದೇ, ಇಬ್ಬರ ಪ್ರೀತಿಯೂ ಮೂವತ್ತು ಕಿಲೋಗೆ ಏರಿತು. ಎರಡನೆಯ ಫ್ರಿಜ್ ಬಂದು ನನ್ನ ಮೇಜಿದ್ದ ಕಡೆ ಪ್ರತಿಷ್ಠಾಪನೆಯಾಯಿತು. ಜಾಗ ಉಳಿಸುವುದರಲ್ಲಿ ಹೆಸರು ಮಾಡಿದ ನಾನು ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ನಿಂತು ಕೆಲಸ ಮಾಡುತ್ತೇನೆ.

ನನ್ನ ವಿದ್ಯೆಯ ಒಂದು ಭಾಗ ಮಾತ್ರ ಮನೆಯಲ್ಲಿ ಯಶಸ್ವಿಯಾಗಿದೆ. ಮಿರ್ಯಂಗ್ ತನ್ನ ಕೋಪವನ್ನು ಈಗ ರಾತ್ರಿ ಹೊತ್ತು ಪೂರ್ತಿ ಆರಿಸುವುದಿಲ್ಲ. ಇದ್ದ ಸ್ಥಿತಿಯಲ್ಲೇ ಮಲಗಿಸುತ್ತಾಳೆ. ಈ ಬೆಳಿಗ್ಗೆ ನಾನು ಕಣ್ಣು ಬಿಡುವ ಮೊದಲೇ ಪಕ್ಕದಿಂದ ಕೇಳಿಸಿತು:

"...ಮತ್ತೆ ಇನ್ನೊಂದು ವಿಷಯ, ರೀ!"