ದೆವ್ವ ಕೂಡ್ಸೋ ಮಿಸ್ತ್ರಿ ಅಂತ ಹೆಸರಾಗಿದ್ದು

ಗಾಡಿಗಿ ಲೈಟ್ ಕೂಡ್ಸೋ ಕೆಲಸದಾಗ ಇಂಥಾವು ಆಗ್ತಾನೇ ಇರ್ತಾವ. ಬೆಳಕು ಹೆಚ್ಚಾದಷ್ಟೂ ಮಂದಿಗಿ ಇಲ್ಲದ್ದೆಲ್ಲಾ ಕಾಣ್ಲಿಕ್ಕೆ ಸುರು ಆಗ್ತದ.

ಬೀದರದಾಗ ಚಿದ್ರಿ ಕಡೆ ನಂದೊಂದು ಸಣ್ಣ ಅಂಗಡಿ ಅದ. ಪಿಕಪ್ ಗಾಡಿಗೋಳ ಮುಂದಿನ ಬಂಪರಿಗಿ ಎಕ್ಸ್‌ಟ್ರಾ ಲೈಟ್ ಕೂಡ್ಸೋದು ನನ್ನ ಧಂದೆ. ಕಂಪನಿ ಲೈಟ್ ಔರಾದ್ ಕಡೆ ರಸ್ತೆಕ್ಕ ಸಾಲಲ್ಲ. ಚಳಿಗಾಲದಾಗ ನಸುಕಿನ್ಯಾಗ ಮಂಜು ಬಿದ್ರ ಎದುರಿನ ಎಮ್ಮಿ, ಕೊಂಬು ತಾಗಿದ ಮ್ಯಾಲೇ ಕಾಣ್ತದ. ಹಿಂಗಾಗಿ ಔರಾದ್, ಭಾಲ್ಕಿ, ಬಗದಲ್ ಎಲ್ಲಾ ಕಡಿಂದ ಗಾಡಿ ನನ್ನ ಹತ್ರಾನೇ ಬರ್ತಿದ್ವು. ನಾ ದೇವರನ್ನ ನಂಬ್ತೇನಿ, ದೆವ್ವ ನಂಬಲ್ಲ. ಅಂದ್ರ, ಬಿಸಿಲಿದ್ದಾಗ ನಂಬಲ್ಲ. ಇಂಥಾ ನನಗ ಹೋದ ಚಳಿಗಾಲದಾಗ ಒಂದೇ ಒಂದು ಪಿಕಪ್ಪು ಅಂಗಡಿ ಶಟರ್ ಕೆಳಗ ಎಳೆಸೋ ಪಾಳಿ ತಂದಿತ್ತು. ಅದರದೇ ಕಥಿ ಇದು.

ಹಸಿರು ಕಣ್ಣು

ಸಂತಪುರದ ಕುರಿ ವ್ಯಾಪಾರಿ ಒಬ್ಬ ಬಂದ. ಸಂತಿ ಸಂತಿಗಿ ಕುರಿ ಒಯ್ಯೋ ಪಿಕಪ್ಪು ಅವಂದು. "ಮಿಸ್ತ್ರಿ, ಹಾಕಿದ್ರ ಹಗಲಾಗ್ಬೇಕು ನೋಡ್ರಿ, ಅಂಥಾ ಲೈಟ್ ಕೂಡ್ಸ್ರಿ" ಅಂದ. ಎರಡು ದೊಡ್ಡವು, ಬಿಳಿ ಬೆಳಕಿನವು ಕೂಡ್ಸಿದೆ. ಭಾರಿ ಖುಷಿಯಾಗಿ ಹೋದ.

ಸಂಜಿಗಿ ಫೋನ್ ಬಂತು. ದನಿ ಸಣ್ಣಗಾಗಿತ್ತು.

"ಮಿಸ್ತ್ರಿ, ಹಟ್ಟಿ ಮುಂದ ಗಾಡಿ ನಿಲ್ಸಿ ನಿಮ್ಮ ಲೈಟ್ ಹಾಕಿದೆರಿ. ಹಟ್ಟಿ ತುಂಬ ಹಸಿರು ಕಣ್ಣು! ಮೈ ಇಲ್ಲ, ಮಾರಿ ಇಲ್ಲ, ಖಾಲಿ ಕಣ್ಣು."

"ಅವು ನಿಮ್ಮ ಕುರಿನೇ ಅಲ್ಲೇನ್ರಿ. ಬೆಳಕು ಬಿದ್ರ ಕಣ್ಣು ಹೊಳೀತಾವ."

"ನನಗ ಗೊತ್ತದರಿ. ಆದ್ರ ನಮ್ಮವ್ವ ಕೇಳ್ವಲ್ಳು. ಹುಟ್ಟಿದಾಗಿಂದ ಕುರಿ ಜೋಡಿ ಬೆಳೆದಾಕಿ. ಎಲ್ಲಾ ಕೂಡಿ ಒಂದೇ ಸಲ ತನ್ನನ್ನ ಹಿಂಗ ನೋಡಿದ್ದು ಎಂದೂ ಇಲ್ಲಂತ. ಇವು ನಮ್ಮ ಕುರಿ ಅಲ್ಲ ಅಂತಾಳ. ಅದೂ ಅಲ್ಲದ, ಮೂಲ್ಯಾಗ ಒಂದು ಜೋಡಿ ಕಣ್ಣು ಹೆಚ್ಚಿಗಿ ಅವರಿ."

"ಹೆಚ್ಚಿಗಿ ಅಂದ್ರ?"

"ಉಳಿದವೆಲ್ಲಾ ಕೆಳಗ ಅವ. ಇವೆರಡು ಮನುಷ್ಯಾನ ಎತ್ತರದಾಗ ಅವ. ಪಿಳಿಕ್ ಅನ್ನವಲ್ವು."

ಅಂಗಡಿ ಟ್ಯೂಬ್‌ಲೈಟ್ ಹಾಕ್ಕೊಂಡೆ. ಫೋನ್ ಹಿಡ್ಕೊಂಡೇ ಅವ ಕೋಲು ತಗೊಂಡು ಮೂಲಿಗಿ ಹೋದ. ಹೋಗಿ ನೋಡಿದ್ರ ಬಾಜೂ ಮನಿಯವರ ಟಗರು! ಮೇವು ಹಾಕೋ ಗ್ವಾದಲಿ ಮ್ಯಾಲ ಹತ್ತಿ ನಿಂತು ಇವರ ಮೇವು ಮೇಯ್ಲತ್ತಿತ್ತು. ಆ ಮನಿಯವರು ಅದು ಕಳೀತು ಅಂತ ಊರೆಲ್ಲಾ ಹುಡುಕ್ಲತ್ತಿದ್ರಂತ.

ಫೋನಿನ್ಯಾಗ ಹಿಂದಿನಿಂದ ಅವನವ್ವ, ಆ ಆಯಿ ದನಿ ಕೇಳ್ತು: "ದೆವ್ವ ಆಗಿದ್ರೇ ಚಲೋ ಇತ್ತು ನೋಡು. ಮೇವಾದ್ರೂ ಉಳೀತಿತ್ತು."

ಯಾರೂ ಒತ್ತದ ಸ್ವಿಚ್ಚು

ಆದ್ರೂ ಆಯಿ ಮನಸ್ಸಿನ್ಯಾಗಿಂದ ಆ ಕಣ್ಣು ಹೋಗ್ಲಿಲ್ಲ. ಮರುದಿನಾನೇ ಲಿಂಬಿಕಾಯಿ, ಮೆಣಸಿನಕಾಯಿ ತಂತ್ಯಾಗ ಪೋಣಿಸಿ ಗಾಡಿ ಮೂತಿಗಿ ಕಟ್ಟಿದ್ಳು. ದೃಷ್ಟಿ ಆಗಬಾರ್ದಂತ ಎಲ್ಲಾರೂ ಕಟ್ತಾರ, ಅದರಾಗೇನು ವಿಶೇಷ ಇಲ್ಲ.

ಅದೇ ವಾರ ಒಂದು ಸಂಜಿ ಅವರ ಮನಿಮಂದಿ ಊಟಕ್ಕ ಕುಂತಾರಂತ. ಗಾಡಿ ಅಂಗಳದಾಗ, ಅದರ ಕೀಲಿಕೈ ಒಳಗ ಗ್ವಾಡಿ ಮೊಳಿಗಿ. ಹೊರಗ ಜರಾ ಗಾಳಿ ಬಿಟ್ಟದ. ಅಷ್ಟರಾಗ ಪಿಕಪ್ಪಿನ ಎರಡೂ ಲೈಟ್ ತಾವೇ ಹತ್ತಿದ್ವು. ಬೆಳಕು ಸೀದಾ ಬಾಗಿಲಿನ್ಯಾಗಿಂದ ಒಳಗ ಬಂದು ಎದುರಿನ ಗ್ವಾಡಿ ಮ್ಯಾಲ ಬಿತ್ತು. ಅಲ್ಲಿ ತೀರಿಕೊಂಡ ಯಜಮಾನರ ಫೋಟೋ. ಮಾಲಿ ಹಾಕಿದ ಫೋಟೋದ ಮಾರಿ ಬೆಳ್ಳಗ ಹೊಳೀತು. ಲೈಟ್ ಆರಿದ್ವು. ಮತ್ತ ಹತ್ತಿದ್ವು. ಮುರಿದ ರೊಟ್ಟಿ ಎಲ್ಲಾರ ಕೈಯಾಗೇ ಉಳೀತು.

"ಅವ್ವಾ," ಅಂದ ಮಗ, "ಅಪ್ಪ ಬಂದಾನೇನು?"

ಆಯಿ ಫೋಟೋ ಕಡೆ ಒಂದು ಸಲ, ಲೈಟ್ ಕಡೆ ಒಂದು ಸಲ ನೋಡಿದ್ಳು.

"ನಿಮ್ಮಪ್ಪ ಅಲ್ಲ ಬಿಡು. ಬದುಕಿರೋತನ ಲೈಟ್ ಆರಸ್ರಿ, ಲೈಟ್ ಆರಸ್ರಿ ಅಂತ ಬಡಕೊಂಡಂವ ಅವ. ಸತ್ತ ಮ್ಯಾಲ ಹಚ್ಚಲಿಕ್ಕ ಬರ್ತಾನ? ಇದು ಬ್ಯಾರೆ ಯಾರೋ."

ಬರ್ದು ಕೊಡ್ರಿ

ಆಯಿ ಮತ್ತೊಂದು ಲಿಂಬಿಕಾಯಿ ಕಟ್ಟಿದ್ಳು. ಲೈಟ್ ಇನ್ನೂ ಜಾಸ್ತಿ ಹತ್ಲಿಕ್ಕತ್ವು. ಇನ್ನೊಂದು ಕಟ್ಟಿದ್ಳು. ಈಗ ಹಾರ್ನೂ ಸಣ್ಣಗ ನರಳ್ತದ ಅಂತ ಖಬರ್ ಬಂತು. ಸುದ್ದಿ ಸಂತಪುರದಿಂದ ಔರಾದಕ್ಕ, ಔರಾದದಿಂದ ಭಾಲ್ಕಿಗಿ ಹೋಯ್ತು. ಬಸ್ಸಿಗಿಂತ ಜಲ್ದಿ ಹೋಯ್ತು. ನನಗ ದೆವ್ವ ಕೂಡ್ಸೋ ಮಿಸ್ತ್ರಿ ಅಂತ ಹೆಸರು ಬಿತ್ತು, ಅಂಗಡಿಗಿ ಬರೋ ಗಾಡಿ ನಿಂತ್ವು.

ಭಾಲ್ಕಿಯಿಂದ ತರಕಾರಿ ತರಂವ ಒಬ್ಬನೇ ಧೈರ್ಯ ಮಾಡಿ ಬಂದ. ಬಂದು ಗಾಡಿ ಇಳೀಲೇ ಇಲ್ಲ, ಕಿಡಕ್ಯಾಗಿಂದ್ಲೇ ಕೇಳ್ದ.

"ಮಿಸ್ತ್ರಿ, ಲೈಟಿನ ಗ್ಯಾರಂಟಿ ನಾ ಕೇಳಲ್ರಿ. ಇದರಾಗ ಯಾರೂ ಇಲ್ಲ ಅಂತ ಒಂದು ಮಾತು ಬರ್ದು ಕೊಡ್ರಿ, ಸಾಕು."

"ಹಂಗೆಲ್ಲಾ ಹ್ಯಾಂಗ ಬರ್ದು ಕೊಡಾದು ಮಾರಾಯಾ?"

"ಅಂದ್ರ ಯಾರೋ ಇದ್ದಾರ!" ಅಂದಂವನೇ ಗಾಡಿ ತಿರುವ್ಯಾನ.

ಸಿಟ್ಟು ನೆತ್ತಿಗೇರ್ತು. ಮನಿಗಿ ಬಂದು ಹೆಂಡತಿ ಮುಂದ ಕೂಗಾಡಿದೆ. ಇಷ್ಟು ವರ್ಷ ದುಡಿದು ಗಳಿಸಿದ ಹೆಸರು ಮಣ್ಣಾಗ್ಲತ್ತದ, ಇನ್ನ ಅಂಗಡಿ ಮುಚ್ಚೋದೇ ಗತಿ ಅಂದೆ. ಖರೇ ಹೇಳ್ತೇನಿ, ಅಳು ಬಂದಿತ್ತು. ಆಕಿ ಹಿಟ್ಟು ನಾದ್ಲತ್ತಿದ್ಳು, ತಲಿ ಎತ್ತಲಿಲ್ಲ.

"ಕೂಡ್ಸೋದು ನಿಂತ್ರೇನಾತರಿ? ಬಿಡಿಸೋದು ಸುರು ಮಾಡ್ರಿ. ಮಂತ್ರ ಹಾಕೋರಿಗಿ ನಿಮಗಿಂತ ಗಿರಾಕಿ ಜಾಸ್ತಿ ಅದಾರ."

ಸುಡುಗಾಡಿನ ತಿರುವು

ಕಡೀಕ ಕುರಿ ವ್ಯಾಪಾರಿನೇ ಫೋನ್ ಮಾಡ್ದ. "ನಿಮ್ಮ ಲೈಟ್ ಬಿಚ್ಚಿಕೊಂಡು ಹೋಗ್ರಿ ಮಿಸ್ತ್ರಿ." ಬಿಚ್ಚಿದ್ರ ದೆವ್ವ ಇದ್ದಿದ್ದು ಖರೇ ಅಂತ ನಾನೇ ಒಪ್ಪಿದಂಗ ಆಗ್ತದ, ಅಲ್ಲಿಗಿ ಅಂಗಡಿ ಮುಗೀತು. "ಒಂದು ಸಲ ನಿಮ್ಮ ಜೋಡಿ ಗಾಡ್ಯಾಗ ಕುಂತು ನೋಡ್ತೇನಿ" ಅಂದೆ.

ಮೊದಲ ಬಸ್ಸಿಗಿ ಸಂತಪುರಕ್ಕ ಹೋದೆ. ಬೆಳಕು ಹರಿದಿತ್ತು, ಆದ್ರ ಮಂಜು ಹತ್ತಿ ಹಿಂಜಿ ಬಿಟ್ಟಂಗ ಬಿದ್ದಿತ್ತು. ಕ್ಯಾಬಿನ್ಯಾಗ ಮಗ, ನಾನು, ನಡುವ ಆಯಿ. ಸ್ವಿಚ್ ಆಫ್ ಅದ, ನಾನೇ ಬೆರಳು ಇಟ್ಟು ಕುಂತೀನಿ. "ಸುಡುಗಾಡಿನ ತಿರುವಿನ್ಯಾಗೇ ಹತ್ತತಾವರಿ, ದಿನಾ ಅಲ್ಲೇ" ಅಂದ ಅವ. ಅಲ್ಲಿ ರಸ್ತೆ ಪೂರಾ ಕೆಟ್ಟದ, ತೆಗ್ಗಿನ ಮ್ಯಾಲ ತೆಗ್ಗು.

ತಿರುವು ಬಂತು. ಗಾಡಿ ಧಡಲ್ ಅಂತ ಕುಣೀತು. ನನ್ನ ಬೆರಳಿನ ಕೆಳಗ ಸ್ವಿಚ್ ಆಫ್ ಇದ್ದಂಗೇ ಲೈಟ್ ಹತ್ತಿದ್ವು. ಹಾರ್ನ್ ಹೂಂ ಅಂತು. ಮಂಜಿನ ನಡುವ ರಸ್ತೆ ಅಂಚಿಗಿ ಒಬ್ಬ ನಿಂತಾನ! ತಲಿಂದ ಕಾಲಿನತನ ಬಿಳಿ ಹೊದಿಕಿ, ಮಾರಿ ಕಾಣವಲ್ದು. ಒಂದು ಕೈ ಮ್ಯಾಲೆತ್ತಿ ನಮ್ಮನ್ನ ಕರೀಲತ್ತಾನ.

ಮಗ ಬ್ರೇಕ್ ಒತ್ತಿ ಕಣ್ಣು ಮುಚ್ಚಿದ. ನಾನು ಆಯಿ ಕೈ ಹಿಡಕೊಂಡೆ.

ಹೊದಿಕಿಯೊಳಗಿಂದ "ಯವ್ವೋ! ದೆವ್ವದ ಗಾಡಿ!" ಅಂತ ದನಿ ಬಂತು. ಹೊದಿಕಿ ಅಲ್ಲೇ ಬಿತ್ತು. ಲಿಫ್ಟ್ ಕೇಳ್ಲಿಕ್ಕ ನಿಂತ ಯಾವನೋ ಪಾಪ, ಬರೇ ಬನಿಯನ್ ಮ್ಯಾಲ ಸುಡುಗಾಡಿನ್ಯಾಗೇ ಓಡಿ ಹೋದ.

ಆಮ್ಯಾಲ ಆಯಿ ನನ್ನ ಕೈ ಚಿವುಟಿ ಮೆಲ್ಲಕ ಕೇಳಿದ್ಳು: "ತಮ್ಮಾ, ಸುಡುಗಾಡಿನ ದೆವ್ವಾನೇ ನಮ್ಮನ್ನ ನೋಡಿ ಹೆದರ್ತದಂದ್ರ, ನಾವೇ ಸತ್ತಿಲ್ಲ ಹೌದಲ್ಲೋ?"

ಸಿಕ್ಕಿತು

ಕೆಳಗಿಳಿದು ಬಾನೆಟ್ ಎತ್ತಿದೆ. ನೋಡ್ತೇನಿ, ಮುಂದಿನ ಜಾಳಿ ಹಿಂದ ಲೈಟಿಂದು, ಹಾರ್ನಿಂದು ಎಲ್ಲಾ ವೈರ್ ಕೂಡ್ಸಿ ಟೇಪ್ ಸುತ್ತಿದ ಕಟ್ಟು ಅದ. ಆಯಿ ಬೀಳಬಾರ್ದಂತ ಲಿಂಬಿಕಾಯಿ ತಂತಿ ತುದಿ ಆ ಕಟ್ಟಿನ್ಯಾಗೇ ಗಟ್ಟಿ ಚುಚ್ಚ್ಯಾಳ. ಲಿಂಬಿಕಾಯಿ ತೂಗಾಡಿದ್ರ ತಂತಿ ಒಂದು ವೈರಿನಿಂದ ಇನ್ನೊಂದಕ್ಕ ತಾಗ್ತದ, ಸ್ವಿಚ್ ಒತ್ತದೇ ಕರೆಂಟು ಹರೀತದ. ಗಾಳಿ ಬಿಟ್ರ ತೂಗ್ತದ, ತೆಗ್ಗು ಬಂದ್ರ ತೂಗ್ತದ. ದೆವ್ವ ಓಡಸ್ಲಿಕ್ಕ ಕಟ್ಟಿದ್ದೇ ದೆವ್ವ ಆಗಿತ್ತು!

ಸಂತೋಷಕ್ಕ ಕುಣೀಬೇಕನಿಸ್ತು. "ಆಯಿ, ಇಲ್ಲಿ ನೋಡ್ರಿ!" ಅಂತ ಲಿಂಬಿಕಾಯಿ ಅಲ್ಲಾಡ್ಸಿದೆ, ಲೈಟ್ ಹತ್ತಿದ್ವು. ಬಿಟ್ಟೆ, ಆರಿದ್ವು. ಕಿತ್ತು ತೆಗೆದೆ, ಎಷ್ಟು ಗಾಡಿ ಕುಣಿಸಿದ್ರೂ ಹತ್ತಲಿಲ್ಲ.

ಆಯಿ ಎರಡೂ ಕೈ ಎತ್ತಿ ಮುಗಿದ್ಳು. "ಸಿಕ್ಕೊಂಡದ! ಲಿಂಬಿಕಾಯ್ಯಾಗ ಸಿಕ್ಕೊಂಡು ಒದ್ದಾಡ್ಲತ್ತಿತ್ತು ನೋಡ್ರಿ ಪಾಪ! ನಾ ಕಟ್ಟಿದ್ದು ಸುಳ್ಳಾಗ್ಲಿಲ್ಲ!"

"ಅಲ್ರಿ ಆಯಿ, ಕರೆಂಟು..."

"ಏನಾರ ಅನ್ನು." ಒಣಗಿದ ಹಳೇವು ಗಾಲಿ ಕೆಳಗ ಹಾಕಿಸಿದ್ಳು. ತುದೀಗಿದ್ದ ಹಸೀದೊಂದು ಕಾಗದದಾಗ ಸುತ್ತಿ ನನ್ನ ಕೈಗಿ ಕೊಟ್ಟಳು. "ಇದರಾಗ ಅದ. ಹಿಡಿದಂವನೇ ಒಯ್ಯಬೇಕು. ಮೂರು ದಾರಿ ಕೂಡೋ ಜಾಗದಾಗ ಬಿಡು, ತಿರುಗಿ ನೋಡಬ್ಯಾಡ. ಸರಿ ಮಾಡಿದ್ರ ಊರೂರಿಗಿ ನಿನ್ನ ಹೆಸರು ನಾನೇ ಹೇಳ್ತೇನಿ. ತಪ್ಪಿದ್ರ ನಿನ್ನ ಅಂಗಡಿ ಮುಂದೇ ನಿಂತು ಹೇಳ್ತೇನಿ."

ಎಲ್ಲಿ ಬಿಟ್ಟಿ?

ಬಸ್ಸಿನ್ಯಾಗ ಅದನ್ನ ಒಂದು ಚೀಲದಾಗ ಹಾಕಿ ತೊಡಿ ಮ್ಯಾಲ ಇಟ್ಕೊಂಡು ಕುಂತೆ. ಕರೆಂಟಿನ ಆಟ ಅಂತ ಕಣ್ಣಾರೆ ಕಂಡೀನಿ, ಆದ್ರೂ ಬಸ್ ತಿರುಗಿದಾಗೊಮ್ಮೆ ಲಿಂಬಿಕಾಯಿ ಉರುಳಿ ಹೊಟ್ಟಿಗಿ ತಾಗ್ತಿತ್ತು, ನಾ ಚೀಲ ದೂರ ಸರಸ್ತಿದ್ದೆ. ಬಾಜೂ ಕುಂತ ಮುದುಕ ಚೀಲ ನೋಡಿ ಸುಮ್ಮನೇ ಎದ್ದು ಹಿಂದಿನ ಸೀಟಿಗಿ ಹೋದ. ಯಾಕ ಹೋದನೋ, ಕೇಳೋ ಧೈರ್ಯ ಆಗ್ಲಿಲ್ಲ. ಬೀದರದಾಗ ಇಳಿದ್ರ ಮೂರು ದಾರಿ ಕೂಡೋ ಕಡೆಲ್ಲಾ ಚಹಾದ ಅಂಗಡಿ, ಮಂದಿ. ಸಂಜಿಗಿ ಒಗದ್ರಾಯ್ತು ಅಂತ ಚೀಲ ಮನಿ ಕಟ್ಟಿ ಮ್ಯಾಲ ಇಟ್ಟು ಜಳಕಕ್ಕ ಹೋದೆ.

ಊಟಕ್ಕ ಕುಂತೆ. ಅಂಥಾ ರುಚಿ ಬ್ಯಾಳಿ ಎಂದೂ ತಿಂದಿಲ್ಲ. ಮತ್ತ ಹಾಕಿಸಿಕೊಂಡೆ, ಬಟ್ಟಲ ಎತ್ತಿ ಕುಡಿದೆ. ಕೈ ತೊಳಕೊಂಡು ನೋಡಿದ್ರ ಕಟ್ಟಿ ಮ್ಯಾಲ ಚೀಲ ಖಾಲಿ.

"ಇದರಾಗಿನ ಲಿಂಬಿಕಾಯಿ?"

"ಬ್ಯಾಳಿಗಿ ಹಿಂಡಿದೆ. ತೂತು ಬಿದ್ದಿತ್ತು, ಆದ್ರ ರಸ ಭಾರಿ ಇತ್ತು. ಯಾಕ್ರಿ?"

ಹೊಟ್ಟಿ ಗುಡುಗುಡು ಅಂದಾಗೆಲ್ಲಾ ಕಿವಿ ಕೊಟ್ಟು ಕೇಳ್ಕೋತ ಮಲಗಿದೆ.

ಮರುದಿನ ಅಂಗಡಿ ಮುಂದ ಪಿಕಪ್ ನಿಂತು ಆಯಿ ಇಳಿದ್ಳು. ಆ ಭಾಲ್ಕಿ ತರಕಾರಿಯಂವನೂ ಸುದ್ದಿ ಕೇಳಿ ಬಂದು ಅಲ್ಲೇ ನಿಂತಿದ್ದ, ಜೋಡಿ ಇನ್ನೂ ನಾಕು ಡ್ರೈವರ್‌ಗೋಳು. ಎಲ್ಲಾರ ಕಣ್ಣು ನನ್ನ ಮ್ಯಾಲ.

"ಎಲ್ಲಿ ಬಿಟ್ಟಿ ತಮ್ಮಾ?"

ಸುಳ್ಳು ಹೇಳಬೇಕಂದೆ. ಆಕಿ ಕಣ್ಣು ನೋಡಿ ಆಗ್ಲಿಲ್ಲ. ಮುಗೀತು ನನ್ನ ಧಂದೆ ಅನ್ಕೊಂಡೆ.

"ಆಯಿ... ಬಿಡ್ಲಿಲ್ಲ. ಅದು ಬ್ಯಾಳ್ಯಾಗ ಬಿತ್ತು. ನಾ ಉಂಡೆ."

ಆಯಿ ಹತ್ರ ಬಂದು ನನ್ನ ಹೊಟ್ಟಿ ಮ್ಯಾಲ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದ್ಳು. ಆಮ್ಯಾಲ ಮಗನ ಕಡೆ ತಿರುಗಿದ್ಳು.

"ಇನ್ನ ಮ್ಯಾಲ ಗಾಡಿ ಇವನ ಕೈಯಾಗೇ ಕೊಡು. ದೆವ್ವಾನೇ ಜೀರ್ಣಾ ಮಾಡ್ಕೊಂಡಾನ, ವೈರಿಂಗ್ ಏನು ದೊಡ್ಡದು!"