ಅತ್ಯಾ ಕಟ್ಟಿದ ಬೈಯುವ ಆ್ಯಪು

ಗಂಡ ತನ್ನನ್ನು ದಿನಾ ಬೈಯಲಿ ಎಂದು ನಾಲ್ಕು ತಿಂಗಳು ಕಂಪ್ಯೂಟರಿನ ಮುಂದೆ ಕೂತು ಮೊಬೈಲ್ ಆ್ಯಪು ತಯಾರಿಸಿದ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆಕೆ ನಮ್ಮಪ್ಪನ ಅಕ್ಕ. ನಾವು ಅತ್ಯಾ ಅನ್ನುತ್ತೇವೆ. ಮನೆ ಇಂಡಿಯಲ್ಲಿ, ವಯಸ್ಸು ಅರವತ್ತನಾಲ್ಕು, ಬುದ್ಧಿ ಎಷ್ಟು ಎಂಬುದು ನನಗೆ ಇನ್ನೂ ತಿಳಿದಿಲ್ಲ. ತಿಳಿಯಿತು ಅಂದುಕೊಂಡಾಗಲೆಲ್ಲ ಆಕೆ ನನಗೆ ಇನ್ನೊಂದು ಧಕ್ಕೆ ಕೊಟ್ಟಿದ್ದಾಳೆ.

ಅತ್ಯಾ ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ನೌಕರಿ ಬಿಟ್ಟರೂ ಕೆಂಪು ಪೆನ್ನು ಬಿಟ್ಟಿಲ್ಲ. ಲಗ್ನಪತ್ರಿಕೆ ಕೊಟ್ಟರೆ ಮೊದಲು ತಪ್ಪು ತಿದ್ದುತ್ತಾಳೆ, ಆಮೇಲೆ ಲಗ್ನಕ್ಕೆ ಬರುತ್ತಾಳೆ. ನನ್ನ ಲಗ್ನಪತ್ರಿಕೆಯಲ್ಲಿ ಏಳು ತಪ್ಪು ಹಿಡಿದು, "ಇಷ್ಟು ತಪ್ಪಿನ ಮ್ಯಾಲ ಸಂಸಾರ ಹ್ಯಾಂಗ ನಿಂದರ್ತೈತಿ ಯವ್ವಾ?" ಎಂದು ಬೀಗರ ಎದುರಿಗೇ ಕೇಳಿದ್ದಳು. ಸಂಸಾರ ಹೇಗೋ ನಿಂತಿದೆ. ನಾನೀಗ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅತ್ಯಾನ ಲೆಕ್ಕದಲ್ಲಿ ನಾನಿನ್ನೂ ಮಗ್ಗಿ ತಪ್ಪುವ ಹುಡುಗಿ.

ಆಕೆಯ ಗಂಡ, ನಮ್ಮ ಮಾಮಾ, ಇಂಡಿ ಮಾರ್ಕೆಟ್ಟಿನಲ್ಲಿ ಲಿಂಬಿಹಣ್ಣಿನ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವರು. ರಾಶಿಯ ಮುಂದೆ ನಿಂತು ಅವರು ಬಾಯಿ ತೆರೆದರೆ ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸು ಹತ್ತುತ್ತಿದ್ದವರೂ ಹೊರಳಿ ನೋಡುತ್ತಿದ್ದರು. ಮನೆಯಲ್ಲೂ ಅದೇ ದನಿ. ನೀರು ಕೇಳಿದರೂ ಸವಾಲು ಕೂಗಿದಂತೆಯೇ. ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದಿತು, ಮಾತು ಪೂರಾ ಹೋಯಿತು. ಎಲ್ಲ ತಿಳಿಯುತ್ತದೆ, ಒಂದೂ ಹೇಳಲಿಕ್ಕೆ ಬರುವುದಿಲ್ಲ. ಮೊದಲ ಮೂರು ತಿಂಗಳು ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಚಿತ್ರ ತೋರಿಸಿ ಕೇಳುವ ರೂಢಿ ಮಾಡಿಸಿರಿ ಅಂದರು ಡಾಕ್ಟರು. ಅದಕ್ಕೆಂದೇ ಮಾಡಿದ ಆ್ಯಪೊಂದನ್ನು ನಾನೇ ಹುಡುಕಿ ಮಾಮಾನ ಫೋನಿನಲ್ಲಿ ಹಾಕಿಕೊಟ್ಟೆ. ನೀರಿನ ಚಿತ್ರ ಒತ್ತಿದರೆ ಅದು ರೇಡಿಯೋದಂಥ ಹೆಣ್ಣುದನಿಯಲ್ಲಿ, "ದಯವಿಟ್ಟು ನನಗೆ ಕುಡಿಯಲು ನೀರು ಕೊಡುವಿರಾ?" ಅನ್ನುತ್ತಿತ್ತು. ಮಾಮಾ ಒಂದು ಸಲ ಒತ್ತಿದರು. ಕೇಳಿದರು. ಎಡಗೈಯಿಂದ ಫೋನನ್ನು ಪಡಸಾಲಿಯ ಆ ತುದಿಗೆ ಒಗೆದರು. ನಾನು ಹೌಹಾರಿದೆ. ಅತ್ಯಾ ಮಾತ್ರ ಶಾಂತವಾಗಿ ಹೋಗಿ ಫೋನು ಆರಿಸಿಕೊಂಡು ಬಂದಳು.

"ಸಿಟ್ಟು ಬರಲಾರದ ಇರ್ತೈತೇನು? ಇಷ್ಟು ವರ್ಷದಾಗ ಒಮ್ಮೆರ ದಯವಿಟ್ಟು ಅಂದ ಮನಷ್ಯಾ ಅಲ್ಲ ಅವರು. ಬ್ಯಾರೆ ಯಾರೋ ಬಾಯಾಗ ಹೊಕ್ಕಂಗ ಆಗೈತಿ. ನಾನ ಒಂದು ಮಾಡ್ತೇನಿ."

"ಅತ್ಯಾ, ಆ್ಯಪ್ ಮಾಡೂದು ಶಂಡಿಗಿ ಮಾಡಿದಂಗ ಅಲ್ಲ," ಎಂದು ನಾನು ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆ ಇದೆ. ಯಾಕೆಂದರೆ ನಾಲ್ಕು ತಿಂಗಳ ನಂತರ ಇಂಡಿಗೆ ಹೋದಾಗ ಆ್ಯಪು ತಯಾರಿತ್ತು. ಯಾವುದೋ ಹಳೆಯ ವಿಡಿಯೋ ಪಾಠ ನೋಡಿ, ಅದರಲ್ಲಿದ್ದ ಮಾದರಿಯನ್ನು ಅಕ್ಷರ ಬಿಡದೆ ಇಳಿಸಿಕೊಂಡು ಕಟ್ಟಿದ್ದಳು. ಪರದೆಯ ಮೇಲೆ ಎಂಟು ಚೌಕ, ಎಂಟು ಚಿತ್ರ. ಮಾಮಾ ತಂಬಿಗೆಯ ಚಿತ್ರ ಒತ್ತಿದರು. ಫೋನು ಗುಡುಗಿತು:

"ಏ ಹುಚ್ಚಿ, ನೀರು ತಾ ಲಗೂನ. ಗಂಟಲಾ ಒಣಗಿ ಹೊಂಟೈತಿ."

ಅದು ಅತ್ಯಾನದೇ ದನಿ. ಗಂಟಲು ದಪ್ಪ ಮಾಡಿಕೊಂಡು ಮಾಮಾನ ಧಾಟಿಯಲ್ಲಿ ಬೈದು ಮುದ್ರಿಸಿದ್ದಳು. ಕಪ್ಪು-ಬಶಿಯ ಚಿತ್ರ ಒತ್ತಿದರೆ, "ಇದೇನ್ ಚಹಾನೋ ಕಲಗಚ್ಚೋ? ಬ್ಯಾರೆ ಮಾಡ್ಕೊಂಡು ಬಾ." ರೊಟ್ಟಿಯ ಚಿತ್ರ ಒತ್ತಿದರೆ, "ಸಾಲಿ ಹುಡುಗರಿಗೆ ಲೆಕ್ಕಾ ಕಲಿಸಿದಿ, ನೀ ಅಡಗಿ ಯಾವಾಗ ಕಲೀತಿ?" ಮಾಮಾ ಎಂಟೂ ಒತ್ತಿದರು. ಕೊನೆಗೆ ಅವರ ಬಾಯಿಯ ಎಡತುದಿ ಮೇಲೆದ್ದಿತು. ಲಕ್ವಾ ಹೊಡೆದ ಮೇಲೆ ನಾನು ಕಂಡ ಮೊದಲ ನಗೆ.

"ಅತ್ಯಾ, ನಿನ್ನ ಬೈಯಾಕ ನೀನ ಆ್ಯಪ್ ಮಾಡೀದಿ?"

"ಮತ್ಯಾರು ಮಾಡ್ತಾರ? ಏನೇನ್ ಬೈತಾರಂತ ನನಗ ಗೊತ್ತು, ನಿನಗೇನ್ ಗೊತ್ತು? ಬೈಗಳಾ ಇಲ್ಲಂದ್ರ ಮನ್ಯಾಗ ಯಾರೂ ಇಲ್ಲದಂಗ ಅನಸ್ತೈತಿ."

ಇಷ್ಟಕ್ಕೇ ನಿಂತಿತೇ? ಇಲ್ಲ. ಕೈಗೆ ವ್ಯಾಯಾಮ ಮಾಡಿಸುವ ದವಾಖಾನೆಯಲ್ಲಿ ಅತ್ಯಾಗೆ ಮುದ್ದೇಬಿಹಾಳದ ಒಬ್ಬ ಸೊಸೆಯ ಪರಿಚಯವಾಯಿತು. ಆಕೆಯ ಮಾವನಿಗೂ ಇದೇ ಸ್ಥಿತಿ. ಅತ್ಯಾ ಅಲ್ಲೇ ನಿಂತು ಅವರ ಫೋನಿಗೂ ಆ್ಯಪು ಹಾಕಿಕೊಟ್ಟಳು, ದನಿ ಬದಲಿಸುವುದನ್ನು ಮರೆತಳು. ಮರುದಿನ ಆ ಹೆಣ್ಣುಮಗಳ ಫೋನು: "ಅಕ್ಕಾರ, ನಮ್ಮ ಮಾವನವರು ಭಾಳ ಸೌಮ್ಯ ಸ್ವಭಾವದವರ್ರಿ. ನಿನ್ನಿ ನೀರು ಕೇಳಾಕ ಹೋಗಿ ನನಗ ಹುಚ್ಚಿ ಅಂದ್ರು. ಅಂದು ತಾವ ಅಳಾಕತ್ತಾರ್ರಿ." ಅತ್ಯಾ ಮುಂದಿನ ಬಸ್ಸಿಗೇ ಮುದ್ದೇಬಿಹಾಳಕ್ಕೆ ಹೋಗಿ, ಸೊಸೆಯಿಂದಲೇ "ನೀರು ಕೊಡವ್ವಾ" ಎಂದು ಹೇಳಿಸಿ ಮುದ್ರಿಸಿ ಬಂದಳು.

ಹೀಗೆ ಸುಖವಾಗಿ ನಡೆದಿತ್ತು, ಕಳೆದ ತಿಂಗಳು ಮಾಮಾನ ಫೋನು ನೀರಿನ ಟಾಕಿಗೆ ಬೀಳುವ ತನಕ. ಹೊಸ ಫೋನು ತಂದರು. ಅದು ಅತ್ಯಾನ ಆ್ಯಪನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾನು ಕ್ಲಾಸಿಗೆ ಹೊರಟಿದ್ದೆ, ಫೋನು ಬಂತು.

"ಈ ಆ್ಯಪ್ ಭಾಳ ಹಳೇ ಫೋನಿಗೆ ಕಟ್ಟಿದ್ದು, ನಾ ತೊಗೊಳಂಗಿಲ್ಲ ಅನ್ನಾಕತ್ತೈತಿ. ಏನ್ ಸೊಕ್ಕದು?"

"ಟಾರ್ಗೆಟ್ ಅಂತ ಒಂದು ಸಂಖ್ಯೆ ಇರ್ತೈತಿ ನೋಡು ಅತ್ಯಾ. ಯಾವ ಕಾಲದ ಫೋನಿಗೆ ಅಂತ ಹೇಳೂದು. ಎಷ್ಟೈತಿ?"

"ಇಪ್ಪತ್ತೆರಡು."

"ಅದಕ್ಕ ಒಲ್ಲೆ ಅನ್ನಾಕತ್ತೈತಿ. ಮೂವತ್ತೈದು ಮಾಡು."

"ಅಂದ್ರ ಇಷ್ಟು ದಿನ ಫೇಲ್ ಆದ ಆ್ಯಪ್ ಹಚಗೊಂಡು ಕುಂತಿದ್ದೆ. ಮೂವತ್ತೈದಕ್ಕ ಬರೇ ಪಾಸು. ನನ್ನ ಆ್ಯಪ್ ಬರೇ ಪಾಸ್ ಆಗಬೇಕೇನು?"

ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಹನ್ನೊಂದು ಕರೆ ಬಂದಿದ್ದವು. ಆಕೆ ಅಲ್ಲಿ ನೂರು ಎಂದು ಬರೆದಿದ್ದಳು! ಜಗತ್ತಿನಲ್ಲಿ ಇನ್ನೂ ಹುಟ್ಟದ ಫೋನಿಗೆ ಆ್ಯಪು ಕಟ್ಟಲು ಹೊರಟಿದ್ದಳು, ಅಂಥದ್ದೇ ಇಲ್ಲ ಎಂದು ಕಂಪ್ಯೂಟರು ಹಟ ಹಿಡಿದಿತ್ತು. ನೂರರಿಂದ ಮೂವತ್ತೈದಕ್ಕೆ ಆಕೆಯನ್ನು ಇಳಿಸಲು ನನಗೆ ಅರ್ಧ ತಾಸು ಹಿಡಿಯಿತು. ಇಳಿದ ಮೇಲೆ ಶುರುವಾಯಿತು ನಿಜವಾದ ಗೋಳು. ಗುರಿ ಹೊಸದಾದರೆ ಕಟ್ಟುವ ಸಾಮಾನೂ ಹೊಸದಾಗಬೇಕು. ಚಿತ್ರ ತೋರಿಸುವುದಕ್ಕೊಂದು, ದನಿ ನುಡಿಸುವುದಕ್ಕೊಂದು ಎಂದು ಬೇರೆಯವರು ಬರೆದಿಟ್ಟ ಲೈಬ್ರರಿಗಳಿರುತ್ತವಲ್ಲ, ಅವನ್ನೂ ಬದಲಿಸಬೇಕು. ಒಂದನ್ನು ಹೊಸದು ಮಾಡಿದರೆ ಅದರ ಜೋಡಿಯದು ಹಳೆಯದಾಗುತ್ತದೆ. ಅದನ್ನು ಹೊಸದು ಮಾಡಿದರೆ ಮೊದಲನೆಯದು ಮುನಿಸಿಕೊಳ್ಳುತ್ತದೆ.

ಎರಡು ದಿನ ಫೋನಿನಲ್ಲೇ ಗುದ್ದಾಡಿದೆವು. ಮೂರನೆಯ ದಿನ ಅತ್ಯಾ ಸಣ್ಣ ದನಿಯಲ್ಲಿ, "ಅವರು ಮತ್ತ ಗ್ವಾಡಿ ಕಡೆ ಮಾರಿ ಮಾಡ್ಯಾರ," ಅಂದಳು. ರಜೆ ಬರೆದು ಬಸ್ಸು ಹತ್ತಿದೆ.

ದೇವರ ಹಿಪ್ಪರಗಿಯಲ್ಲಿ ಸಂತೆಯ ಮಂದಿ ತುಂಬಿಕೊಂಡರು. ನಾನು ಒಂದು ತೊಗರಿ ಚೀಲ ಮತ್ತು ಒಬ್ಬ ಅಜ್ಜಿಯ ನಡುವೆ ಸಿಕ್ಕಿಕೊಂಡಿದ್ದಾಗ ಅತ್ಯಾನ ಕರೆ ಬಂತು. ಗದ್ದಲದಲ್ಲಿ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹಾಕಬಾರದಿತ್ತು.

"ಡುಪ್ಲಿಕೇಟ್ ಕ್ಲಾಸ್ ಅಂತ ಬರಾಕತ್ತೈತಿ. ನಾ ಮೂವತ್ತು ವರ್ಷ ಕ್ಲಾಸ್ ತೊಗೊಂಡೇನಿ, ಒಂದರ ಡುಪ್ಲಿಕೇಟ್ ಇತ್ತೇನು?"

"ಹಂಗಲ್ಲ ಅತ್ಯಾ. ಒಂದ ಲೈಬ್ರರಿ ಹಳೇದೂ ಐತಿ, ಹೊಸದೂ ಬಂದೈತಿ. ಎರಡೂ ಒಂದ ಹೆಸರು ಹೇಳಾಕತ್ತಾವ. ಹಳೇದನ್ನ ತಗದು ಒಗಿ."

ಬಸ್ಸಿನವರೆಲ್ಲ ನನ್ನ ಕಡೆ ಹೊರಳಿದರು. ಬಾಜೂಕಿದ್ದ ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಯಾರದವಾ ಅದು, ಎರಡನೇದಾಕಿ ಬಂದಾಳೇನು ಮನಿಗೆ? ಹಳೇದಾಕೀನ್ನ ತಗದು ಒಗಿ ಅಂತೀಯಲ್ಲ, ಹೆಣ್ಣಿನ ಜನ್ಮ ಅಲ್ಲೇನ್ ನಿಂದು?" ಸಿಂದಗಿ ಬರುವ ತನಕ ಅವಳಿಗೆ ಲೈಬ್ರರಿ ಅಂದರೇನು ಎಂದು ತಿಳಿಸಿ ಹೇಳಿದೆ. ಇಳಿಯುವಾಗಲೂ ಅವಳು ನನ್ನನ್ನು ಕ್ಷಮಿಸಿರಲಿಲ್ಲ.

ಇಂಡಿಯ ಮನೆಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತೆ. ಪಡಸಾಲಿಯ ಗೋಡೆಗೆ ಕರಿಹಲಗೆ ಒರಗಿಸಿ, ಕಂಪ್ಯೂಟರು ತೋರಿಸಿದ ತಪ್ಪುಗಳನ್ನೆಲ್ಲ ಅತ್ಯಾ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಇಳಿಸಿದ್ದಳು. ನೆಲದ ತುಂಬ ಕಾಗದ. ತನ್ನ ಆ್ಯಪಿನ ಕೋಡನ್ನೇ ಮುದ್ರಿಸಿ ತರಿಸಿ, ಕೆಂಪು ಪೆನ್ನಿನಿಂದ ಪೇಪರ್ ತಿದ್ದಿದಂತೆ ತಿದ್ದಿದ್ದಳು. ಒಂದು ಹಾಳೆಯ ಮೇಲೆ 'ಅಲಕ್ಷ್ಯ' ಎಂದು ಬರೆದಿತ್ತು. ತಿದ್ದಿದ್ದು ಮುಕ್ಕಾಲು ಪಾಲು ಸರಿಯಿತ್ತು! ನಾನು ಕಲಿಸುವ ಮಕ್ಕಳಲ್ಲಿ ಇಷ್ಟು ಸರಿ ತಿದ್ದುವವರು ಇಬ್ಬರಿದ್ದಾರೇನೋ.

ಮಾಮಾ ಮಂಚದ ಮೇಲೆ ಗೋಡೆಯ ಕಡೆ ತಿರುಗಿದ್ದರು. ಮಾತಾಡಿಸಿದೆ, ಹೊರಳಲಿಲ್ಲ. ಗಂಗಾಳದಲ್ಲಿ ರೊಟ್ಟಿ ಹಾಗೇ ಇತ್ತು. ಚಾಷ್ಟಿ ಮಾಡಿ ನಗುವ ಮನಸ್ಸು ನನಗೆ ಅಲ್ಲಿಗೇ ಹೋಯಿತು.

ಮಧ್ಯಾಹ್ನ ಪೂರಾ ಕೂತೆವು. ಒಂದೊಂದಾಗಿ ಕೆಂಪು ಗೆರೆಗಳು ಹೋದವು, ಹಳದಿ ಎಚ್ಚರಿಕೆಗಳು ಉಳಿದವು. "ಡೆಪ್ರಿಕೇಟೆಡ್ ಅಂದ್ರೇನು?" ಎಂದು ಕೇಳಿದಳು.

"ಈಗೇನೋ ನಡೀತೈತಿ, ಆದ್ರ ಇನ್ನ ಮ್ಯಾಲ ಇದನ್ನ ನಂಬಬ್ಯಾಡ್ರಿ ಅಂತ."

"ರಿಟಾಯರ್ ಆದೋರು ಅನ್ನು," ಎಂದು ಅತ್ಯಾ ಕನ್ನಡಕ ಏರಿಸಿಕೊಂಡಳು. "ಇರ್ಲಿ ಬಿಡು, ಇನ್ನಾ ನಡೀತಾರಲ್ಲ."

ಬಿಸಿಲು ಅಂಗಳ ದಾಟುವ ಹೊತ್ತಿಗೆ ಆ್ಯಪು ಹೊಸ ಫೋನಿನಲ್ಲಿ ಕೂತಿತು. ಎಂಟು ಚೌಕ ಮೂಡಿದವು. ಅತ್ಯಾ ತಂಬಿಗೆ ಒತ್ತಿದಳು. ಸದ್ದಿಲ್ಲ. ಚಹಾ ಒತ್ತಿದಳು. ಇಲ್ಲ. ಎಲ್ಲ ತಪ್ಪು ತಿದ್ದಿದ್ದೇವೆ, ಕಂಪ್ಯೂಟರು ಒಂದೂ ದೂರು ಹೇಳುತ್ತಿಲ್ಲ, ಆ್ಯಪು ಮಾತ್ರ ಮೂಕ.

"ಇದಕ್ಕೂ ಲಕ್ವಾ ಹೊಡೀತಲ್ಲವಾ," ಅಂದಳು ಅತ್ಯಾ. ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ಆ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಕಾರಣ ಸಿಗಲು ಇನ್ನೊಂದು ತಾಸು ಬೇಕಾಯಿತು. ದನಿಗಳನ್ನು ಅತ್ಯಾ ಕಂಪ್ಯೂಟರಿನಿಂದ ಹೊಸ ಫೋನಿನ ಬೇರೊಂದು ಫೋಲ್ಡರಿಗೆ ಹಾಕಿದ್ದಳು. ಹಳೆಯ ಗುರಿಯ ಆ್ಯಪು ಹೇಳದೆ ಕೇಳದೆ ಅಲ್ಲಿಗೆ ನುಗ್ಗುತ್ತಿತ್ತು. ಹೊಸ ಗುರಿಯದು ಹಾಗೆ ನುಗ್ಗುವಂತಿಲ್ಲ, ಪ್ರತಿಯೊಂದಕ್ಕೂ ಫೋನು ಯಾರದೋ ಅವರನ್ನು ಕೇಳಬೇಕು. ದನಿಗಳನ್ನೆಲ್ಲ ಆ್ಯಪಿನ ಒಳಗೇ ಸೇರಿಸಿ ಮತ್ತೆ ಕಟ್ಟಿದೆವು. ಅತ್ಯಾ ಆಗ ಒಂಬತ್ತನೆಯ ಚೌಕವೊಂದನ್ನೂ ಹಾಕಿದಳು. ಖಾಲಿ ಚೌಕ, ಅದರ ಮೇಲೊಂದು ಮೈಕಿನ ಚಿತ್ರ. ಮುದ್ದೇಬಿಹಾಳದಂಥ ಮನೆಗಳಲ್ಲಿ ತಮಗೆ ಬೇಕಾದ ಮಾತನ್ನು ತಾವೇ ತುಂಬಿಕೊಳ್ಳಲಿ ಎಂದು.

ಈ ಸಲ ತಂಬಿಗೆ ಒತ್ತಿದಾಗ "ಏ ಹುಚ್ಚಿ" ಎಂಬ ಗುಡುಗು ಪಡಸಾಲಿ ತುಂಬಿತು. ಮಂಚದ ಮೇಲೆ ಮಾಮಾ ನಿಧಾನವಾಗಿ ಈ ಕಡೆ ಹೊರಳಿದರು. ಹೊಸ ಚೌಕ ನಡೆಯುತ್ತದೋ ಇಲ್ಲವೋ ಎಂದು ಅತ್ಯಾ ಅದನ್ನೂ ಒತ್ತಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

"ಇದೇನ್ ಕೇಳಾಕತ್ತೈತಿ?"

"ದನಿ ತೊಗೊಳ್ಳಾಕ ಪರವಾನಗಿ ಕೊಡ್ತೀರೇನು ಅಂತ. ಫೋನ್ ಯಾರದೋ ಅವರು ಹೇಳಬೇಕು."

ಅತ್ಯಾ ಎದ್ದು ಹೋಗಿ ಫೋನನ್ನು ಮಾಮಾನ ಎಡಗೈಗೆ ಕೊಟ್ಟಳು. "ನಿಮ್ಮನ್ನ ಕೇಳಾಕತ್ತೈತಿ ನೋಡ್ರಿ. ನಿಮ್ಮ ದನಿ ತೊಗೊಳ್ಳಲೇನು ಅಂತ."

ಎರಡು ವರ್ಷ ನಾವೆಲ್ಲ ಅವರಿಗೆ ಉಣ್ಣಿಸಿದ್ದೇವೆ, ಮೈ ತೊಳೆದಿದ್ದೇವೆ, ಫ್ಯಾನು ಹಚ್ಚಿ ಆರಿಸಿದ್ದೇವೆ. ಯಾವುದಕ್ಕೂ ಅವರನ್ನು ಕೇಳಿದ್ದು ನನಗೆ ನೆನಪಿಲ್ಲ. ಮಾಮಾ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಹೌದು ಒತ್ತಿದರು. ಕೆಂಪು ಚುಕ್ಕೆ ಹತ್ತಿಕೊಂಡಿತು. ಮಾಮಾನ ಬಾಯಿ ತೆರೆಯಿತು, ಕುತ್ತಿಗೆಯ ನರ ಬಿಗಿಯಿತು. ಹೊರಬಿದ್ದದ್ದು ಸ್ವಲ್ಪ ಗಾಳಿ, ಅದರ ಹಿಂದೆ ಒಂದು ನರಳಿಕೆ, ಮತ್ತೆ ಗಾಳಿ. ಅವರು ಸುಸ್ತಾಗಿ ದಿಂಬಿಗೆ ಒರಗಿದರು, ಚುಕ್ಕೆ ಆರಿತು.

"ಅಳಿಸಿಬಿಡ್ಲೇನ ಅತ್ಯಾ? ಏನೂ ತಿಳಿಯಂಗಿಲ್ಲದು," ಎಂದು ನಾನು ಕೈ ಚಾಚಿದೆ. ಅತ್ಯಾ ನನ್ನ ಮಣಿಕಟ್ಟು ಹಿಡಿದಳು.

ಮಾಮಾ ಒಂಬತ್ತನೆಯ ಚೌಕ ಒತ್ತಿದರು, ಮುದ್ರಿಸಿದ್ದು ನುಡಿಯಿತು. ಗಾಳಿ, ನರಳಿಕೆ, ಗಾಳಿ.

"ಹಾಂ, ನಾ ಇಲ್ಲೇ ಇದ್ದೇನ್ರಿ," ಅಂದಳು ಅತ್ಯಾ.

ನಾನು ದಂಗಾಗಿ ನೋಡಿದೆ. "ಏನಂದ್ರು?"

"ನನ್ನ ಹೆಸರು ಹಿಡದು ಕರದ್ರು," ಅಂದಳು. "ಲಗ್ನ ಆಗಿ ನಲವತ್ತೊಂದು ವರ್ಷಾತು. ಇದ ಮೊದಲ್ನೇ ಸಲ."

ಅತ್ಯಾ ಮಂಚದ ಅಂಚಿಗೆ ಕೂತು, ನನ್ನ ಕಡೆ ಬೆನ್ನು ತಿರುಗಿಸಿ, ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಮಾಮಾ ಮತ್ತೆ ಒತ್ತಿದರು.